ಸ್ಪೈವೇರ್ ಹೊಕ್ಕ ಕಂಪ್ಯೂಟರ್: ಮೊದಲು ಖಾತೆ ಭದ್ರ ಮಾಡಿ, ಆಮೇಲೆ ಸ್ಕ್ಯಾನ್

ಸ್ಪೈವೇರ್, ಅಂದರೆ ಗುಟ್ಟಾಗಿ ಮಾಹಿತಿ ಕದಿಯುವ ಪ್ರೋಗ್ರಾಂ, ಹೊಕ್ಕರೆ ಕಂಪ್ಯೂಟರ್ ನಿಧಾನವಾಗುತ್ತದೆ, ಪರದೆ ತುಂಬ ಜಾಹೀರಾತು ಏಳುತ್ತದೆ ಎಂಬುದೆಲ್ಲ ಹಳೇ ಲಕ್ಷಣ. ಈಗಿನವಕ್ಕೆ ನಿಮ್ಮ ಕಣ್ಣಿಗೆ ಬೀಳುವ ಉಮೇದೇ ಇಲ್ಲ. ರೆಡ್‌ಲೈನ್, ಲುಮ್ಮಾ ಜಾತಿಯ ಮಾಹಿತಿಗಳ್ಳ ಪ್ರೋಗ್ರಾಂ ಒಮ್ಮೆ ಓಡಿದರೆ ಸಾಕು. ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡ್, ಲಾಗಿನ್ ಕುಕಿ (ಮತ್ತೆ ಮತ್ತೆ ಪಾಸ್‌ವರ್ಡ್ ಕೇಳದಂತೆ ಬ್ರೌಸರ್ ಇಟ್ಟುಕೊಳ್ಳುವ ಗುರುತು), ಕಾರ್ಡ್ ವಿವರ, ಡೆಸ್ಕ್‌ಟಾಪಿನ ಒಂದಷ್ಟು ಫೈಲು ಎಲ್ಲವನ್ನೂ ಗಂಟು ಕಟ್ಟಿ ಕೆಲವೇ ನಿಮಿಷದಲ್ಲಿ ಸಾಗಿಸುತ್ತದೆ. ಕೆಲವು ಆಮೇಲೆ ತಮ್ಮನ್ನು ತಾವೇ ಅಳಿಸಿಕೊಳ್ಳುತ್ತವೆ. ಹಾಗಾಗಿ ಸ್ಕ್ಯಾನಿನಲ್ಲಿ ಏನೂ ಸಿಗದಿದ್ದರೆ ಏನೂ ಆಗಿಲ್ಲ ಎಂದು ನಿರಾಳವಾಗುವಂತಿಲ್ಲ. ಯಂತ್ರ ಶುಚಿ ಮಾಡುವುದು ಅರ್ಧ ಕೆಲಸ. ಹೋದ ಪಾಸ್‌ವರ್ಡ್‌ಗಳನ್ನು ನಿರುಪಯೋಗಿ ಮಾಡುವುದು ಇನ್ನರ್ಧ, ಮತ್ತು ಅದೇ ಹೆಚ್ಚು ಅವಸರದ್ದು.

ಇಲ್ಲಿ ಹೇಳಿದ ಕ್ರಮ ವಿಂಡೋಸ್ 10 ಮತ್ತು 11ಕ್ಕೆ. ಕೈಗಾ ಅಣುಸ್ಥಾವರದಲ್ಲೋ ಸೀಬರ್ಡ್ ನೌಕಾನೆಲೆಯಲ್ಲೋ ಗುತ್ತಿಗೆ ಕೆಲಸಕ್ಕೆ ಕೊಟ್ಟ ಕಚೇರಿ ಲ್ಯಾಪ್‌ಟಾಪ್ ಆಗಿದ್ದರೆ ಇದ್ಯಾವುದನ್ನೂ ಮಾಡಬೇಡಿ. ನೆಟ್ ತೆಗೆದು, ಆಫ್ ಕೂಡ ಮಾಡದೆ, ಕಚೇರಿಯ ಐಟಿಯವರಿಗೆ ಒಪ್ಪಿಸಿ.

ಹೊಕ್ಕುವ ದಾರಿಗಳು

ಎಲ್ಲಕ್ಕಿಂತ ಸವೆದ ದಾರಿ ಕ್ರ್ಯಾಕ್, ಅಂದರೆ ಲೈಸೆನ್ಸಿಲ್ಲದೆ ಓಡುವಂತೆ ತಿದ್ದಿದ ಪ್ರೋಗ್ರಾಂ. ವಿಂಡೋಸ್, ಆಫೀಸ್ ಪುಕ್ಕಟೆ ಆಕ್ಟಿವೇಟ್ ಮಾಡುವ ಕೆಎಂಎಸ್ ಆಕ್ಟಿವೇಟರ್, ಕ್ರ್ಯಾಕ್ ಮಾಡಿದ ಫೋಟೋಶಾಪ್, ಕೋರಲ್‌ಡ್ರಾ ಇವು ಪಾಸ್‌ವರ್ಡ್ ಹಾಕಿದ ಜಿಪ್ ಫೈಲಿನಲ್ಲಿ ಬರುತ್ತವೆ. ಆಂಟಿವೈರಸ್ ಒಳಗೆ ಇಣುಕದಿರಲಿ ಎಂದೇ ಆ ಪಾಸ್‌ವರ್ಡ್. ಜೊತೆಗೆ ‘ಮೊದಲು ಡಿಫೆಂಡರ್ ಆಫ್ ಮಾಡಿ’ ಎಂಬ ಸೂಚನೆ ಇರುತ್ತದೆ; ಡಿಫೆಂಡರ್ ಎಂದರೆ ವಿಂಡೋಸ್‌ನದೇ ಆಂಟಿವೈರಸ್. ನಾವೇ ಕಾವಲು ತೆಗೆದು ನಾವೇ ಅಡ್ಮಿನ್ ಅನುಮತಿ ಕೊಟ್ಟಮೇಲೆ ಅದಕ್ಕೆ ತಡೆ ಎಲ್ಲಿಯದು? ಕೇವಲ ಕನ್ನಡ ಟೈಪಿಂಗಿಗಾಗಿ ಸಿಕ್ಕ ಸೈಟಿನಿಂದ ಏನನ್ನೋ ಇಳಿಸಿಕೊಳ್ಳುವವರೂ ಇದ್ದಾರೆ. ಯೂನಿಕೋಡ್ ಸಾಕಾದರೆ ವಿಂಡೋಸ್‌ನೊಳಗೇ ಕನ್ನಡ ಕೀಬೋರ್ಡ್ ಇದೆ, ಫೊನೆಟಿಕ್ ಕೂಡ. ಡಿಟಿಪಿ ಕೆಲಸಕ್ಕೆ ನುಡಿಯೇ ಬೇಕೆಂದಿದ್ದರೆ ಕನ್ನಡ ಗಣಕ ಪರಿಷತ್ತಿನ ತಾಣದಿಂದಲೇ ತೆಗೆದುಕೊಳ್ಳಿ.

ಗೋಕರ್ಣ, ಮುರ್ಡೇಶ್ವರದ ಹೋಂಸ್ಟೇ ನಡೆಸುವವರು ಗಮನಿಸಬೇಕಾದ ದಾರಿ ಬೇರೆಯದು. ‘ನಿಮ್ಮ ರೂಮಿನ ಬಗ್ಗೆ ಗ್ರಾಹಕರ ದೂರು ಬಂದಿದೆ, ಇಲ್ಲಿ ನೋಡಿ’ ಎಂದು ಬುಕಿಂಗ್ ಡಾಟ್ ಕಾಮ್ ಹೆಸರಿನಲ್ಲಿ ಇಮೇಲ್. ಲಿಂಕ್ ಒತ್ತಿದರೆ ‘ನೀವು ರೋಬೋಟ್ ಅಲ್ಲ ಎಂದು ಸಾಬೀತುಪಡಿಸಿ’ ಎಂಬ ಪುಟ. ಅಲ್ಲಿ ಚಿತ್ರ ಆರಿಸುವ ಬದಲು ವಿಂಡೋಸ್ ಕೀ ಮತ್ತು ಆರ್ ಒತ್ತಿ, ಕಂಟ್ರೋಲ್ ವಿ ಒತ್ತಿ, ಎಂಟರ್ ಹೊಡೆಯಿರಿ ಎನ್ನುತ್ತದೆ. ಪುಟ ಅಷ್ಟರಲ್ಲೇ ನಿಮ್ಮ ಕ್ಲಿಪ್‌ಬೋರ್ಡಿಗೆ ಒಂದು ಕಮಾಂಡ್ ತುಂಬಿಟ್ಟಿರುತ್ತದೆ. ಎಂಟರ್ ಹೊಡೆದಾಗ ಅದು ಸ್ಪೈವೇರನ್ನು ಇಳಿಸಿ ಓಡಿಸುತ್ತದೆ. ಇದಕ್ಕೆ ಕ್ಲಿಕ್‌ಫಿಕ್ಸ್ ಎಂದು ಹೆಸರು. ಹೋಟೆಲ್ ಉದ್ಯಮದ ಮೇಲೆ ಹೀಗೇ ದಾಳಿ ನಡೆಯುತ್ತಿರುವುದನ್ನು ಮೈಕ್ರೋಸಾಫ್ಟ್ 2025ರ ಮಾರ್ಚ್‌ನಲ್ಲಿ ವಿವರವಾಗಿ ಪ್ರಕಟಿಸಿತು. ರನ್ ಪೆಟ್ಟಿಗೆಯಲ್ಲಿ ಏನನ್ನಾದರೂ ಪೇಸ್ಟ್ ಮಾಡಿ ಎಂದು ಯಾವ ಅಸಲಿ ವೆಬ್‌ಸೈಟೂ ಕೇಳುವುದಿಲ್ಲ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ವಹಿವಾಟಿನವರಿಗೆ ಬರುವುದು ಇನ್‌ವಾಯ್ಸ್, ಪೇಮೆಂಟ್ ಅಡ್ವೈಸ್ ವೇಷದ ಅಟ್ಯಾಚ್‌ಮೆಂಟ್. ಏಜೆಂಟ್ ಟೆಸ್ಲಾ ಎಂಬ ಕೀಲಾಗರ್ (ಒತ್ತಿದ ಕೀಲಿಗಳನ್ನೆಲ್ಲ ದಾಖಲಿಸುವ ಸ್ಪೈವೇರ್) 2014ರಿಂದಲೂ ಹೆಚ್ಚಾಗಿ ಹೀಗೇ ಹರಡುತ್ತಿದೆ. ವಿಂಡೋಸ್ ಫೈಲಿನ ಬಾಲವನ್ನು ಮರೆಮಾಡುವುದರಿಂದ ‘ಬಿಲ್ ಡಾಟ್ ಪಿಡಿಎಫ್ ಡಾಟ್ ಇಎಕ್ಸ್‌ಇ’ ಎಂಬುದು ಬರೀ ಪಿಡಿಎಫ್ ಎಂದು ಕಾಣುತ್ತದೆ. ಫೈಲ್ ಎಕ್ಸ್‌ಪ್ಲೋರರ್ ತೆರೆದು ವ್ಯೂನಲ್ಲಿ ‘ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್’ಗೆ ಈಗಲೇ ಟಿಕ್ ಹಾಕಿಡಿ. ವಿಂಡೋಸ್ 11ರಲ್ಲಿ ಇದು ವ್ಯೂ, ಶೋ ಒಳಗಿದೆ.

ಇನ್ನು ಪೆನ್‌ಡ್ರೈವ್. ಮದುವೆ ಕಾಗದ, ಯಕ್ಷಗಾನದ ಕರಪತ್ರ ಹಿಡಿದು ದಿನಕ್ಕೆ ಹತ್ತಾರು ಜನ ಬಂದು ಚುಚ್ಚುವ ಡಿಟಿಪಿ, ಜೆರಾಕ್ಸ್ ಅಂಗಡಿಯ ಕಂಪ್ಯೂಟರು ಎಲ್ಲರ ಸೋಂಕನ್ನೂ ಎಲ್ಲರಿಗೂ ಹಂಚುತ್ತದೆ. ಪೆನ್‌ಡ್ರೈವ್ ತೆರೆದಾಗ ಫೋಲ್ಡರ್‌ಗಳೆಲ್ಲ ಮೂಲೆಯಲ್ಲಿ ಬಾಣದ ಗುರುತಿರುವ ಶಾರ್ಟ್‌ಕಟ್ ಆಗಿದ್ದರೆ ಅವನ್ನು ಒತ್ತಬೇಡಿ. ಪೆನ್‌ಡ್ರೈವ್ ಮೂಲಕ ಹರಡುವ ಹುಳು (ವರ್ಮ್) ನಿಮ್ಮ ಫೈಲುಗಳನ್ನು ಅಳಿಸಿಲ್ಲ, ಅಡಗಿಸಿದೆ. ಫೋಲ್ಡರ್ ಆಪ್ಷನ್ಸ್‌ನಲ್ಲಿ ಹಿಡನ್ ಫೈಲ್ಸ್ ತೋರಿಸುವಂತೆ ಮಾಡಿ, ‘ಹೈಡ್ ಪ್ರೊಟೆಕ್ಟೆಡ್ ಆಪರೇಟಿಂಗ್ ಸಿಸ್ಟಮ್ ಫೈಲ್ಸ್’ನ ಟಿಕ್ ತೆಗೆದರೆ ಕಾಣುತ್ತವೆ, ಎಷ್ಟೋ ಸಲ ಹೆಸರೇ ಇಲ್ಲದ ಒಂದು ಫೋಲ್ಡರಿನೊಳಗೆ ಇರುತ್ತವೆ. ಬೇಕಾದ ಕಾಗದಪತ್ರ, ಫೋಟೋಗಳನ್ನಷ್ಟೇ ಹೊರಗೆ ನಕಲು ಮಾಡಿ ಪೆನ್‌ಡ್ರೈವನ್ನು ಫಾರ್ಮ್ಯಾಟ್ ಮಾಡಿ.

ಸರ್ಚ್ ಫಲಿತಾಂಶದ ಮೇಲೆ ಬರುವ ನಕಲಿ ಜಾಹೀರಾತು, ಪಿಡಿಎಫ್ ಪರಿವರ್ತಿಸುತ್ತೇನೆಂದು ಬರುವ ಬ್ರೌಸರ್ ಎಕ್ಸ್‌ಟೆನ್ಶನ್, ‘ಬ್ಯಾಂಕಿನಿಂದ’ ಕರೆ ಮಾಡಿ ಹಾಕಿಸುವ, ದೂರದಿಂದ ಕಂಪ್ಯೂಟರ್ ನಡೆಸುವ ಎನಿಡೆಸ್ಕ್ ಇವೂ ಇದೇ ಸಾಲಿನವು.

ಅನುಮಾನ ಬಂದ ಕೂಡಲೇ

ಲ್ಯಾನ್ ಕೇಬಲ್ ಕೀಳಿ, ವೈಫೈ ಆಫ್ ಮಾಡಿ. ಡಿಜಿಟಲ್ ಸಿಗ್ನೇಚರ್ ಟೋಕನ್ ಯುಎಸ್‌ಬಿಯಲ್ಲಿ ಸಿಕ್ಕಿಸಿಯೇ ಇದ್ದರೆ ತೆಗೆಯಿರಿ. ಸೊಸೈಟಿ, ಪಂಚಾಯ್ತಿ, ಗುತ್ತಿಗೆದಾರರ ಕಂಪ್ಯೂಟರಿನಲ್ಲಿ ಅದು ದಿನವಿಡೀ ಅಲ್ಲೇ ಇರುತ್ತದೆ. ಯಂತ್ರ ಬೇರೆಯವರ ಹಿಡಿತದಲ್ಲಿದ್ದು ಪಿನ್ ಕೂಡ ಕೀಲಾಗರ್‌ಗೆ ಸಿಕ್ಕಿದ್ದರೆ ನಿಮ್ಮ ಸಹಿ ಅವರದಾಯಿತು. ಸಂಶಯವಿದ್ದರೆ ಪ್ರಮಾಣಪತ್ರ ಕೊಟ್ಟ ಸಂಸ್ಥೆಗೆ ಹೇಳಿ ರದ್ದು ಮಾಡಿಸಿ.

ಈಗ ಮೊಬೈಲ್ ಅಥವಾ ಬೇರೆ ಕಂಪ್ಯೂಟರ್ ಹಿಡಿಯಿರಿ. ಸೋಂಕಿನ ಯಂತ್ರದಲ್ಲೇ ಕೂತು ಪಾಸ್‌ವರ್ಡ್ ಬದಲಿಸಿದರೆ ಹೊಸದನ್ನೂ ಕಳ್ಳನ ಕೈಗೆ ಕೊಟ್ಟಂತೆ. ಮೊದಲು ಇಮೇಲ್, ಆಮೇಲೆ ಬ್ಯಾಂಕು, ಆಮೇಲೆ ಜಿಎಸ್‌ಟಿ ಮತ್ತು ಆದಾಯ ತೆರಿಗೆ ಖಾತೆ, ಕೊನೆಗೆ ಉಳಿದದ್ದು. ಇಮೇಲ್ ಮೊದಲು ಯಾಕೆಂದರೆ ಉಳಿದವುಗಳ ‘ಫರ್ಗಾಟ್ ಪಾಸ್‌ವರ್ಡ್’ ಪತ್ರ ಬರುವುದು ಅಲ್ಲಿಗೆ. ಪಾಸ್‌ವರ್ಡ್ ಬದಲಿಸಿದರಷ್ಟೇ ಸಾಲದು. ಕದ್ದ ಕುಕಿ ಇದ್ದವನಿಗೆ ಪಾಸ್‌ವರ್ಡೂ ಒಟಿಪಿಯೂ ಬೇಕಿಲ್ಲ, ಆಗಲೇ ಲಾಗಿನ್ ಆದ ಸ್ಥಿತಿಯಲ್ಲೇ ಒಳಗೆ ಬರುತ್ತಾನೆ. ಗೂಗಲ್ ಖಾತೆಯ ಸೆಕ್ಯುರಿಟಿ ವಿಭಾಗದಲ್ಲಿ ಡಿವೈಸ್‌ಗಳ ಪಟ್ಟಿ ತೆರೆದು ಗುರುತಿಲ್ಲದ್ದನ್ನೂ ಈ ಕಂಪ್ಯೂಟರನ್ನೂ ಸೈನ್ ಔಟ್ ಮಾಡಿ. ವಾಟ್ಸ್ಯಾಪ್‌ನ ಲಿಂಕ್ಡ್ ಡಿವೈಸಸ್‌ನಿಂದ ಎಲ್ಲವನ್ನೂ ಹೊರಹಾಕಿ. ಜಿಮೇಲ್ ಸೆಟ್ಟಿಂಗ್ಸ್‌ನಲ್ಲಿ ಫಾರ್ವರ್ಡಿಂಗ್ ಮತ್ತು ಫಿಲ್ಟರ್ ನೋಡುವುದನ್ನು ಬಹಳ ಜನ ಮರೆಯುತ್ತಾರೆ. ಅಲ್ಲಿ ಅಪರಿಚಿತ ವಿಳಾಸವೊಂದು ಕೂತಿದ್ದರೆ ಪಾಸ್‌ವರ್ಡ್ ಬದಲಾದ ಮೇಲೂ ನಿಮ್ಮ ಪತ್ರಗಳ ಪ್ರತಿ ಅಲ್ಲಿಗೆ ಹೋಗುತ್ತಿರುತ್ತದೆ. ವ್ಯಾಪಾರದ ಇಮೇಲ್ ಆಗಿದ್ದರೆ ಪಾರ್ಟಿಗಳಿಗೆ ಫೋನ್ ಮಾಡಿ, ಖಾತೆ ನಂಬರು ಬದಲಾಗಿದೆ ಎಂದು ನಮ್ಮ ಹೆಸರಲ್ಲಿ ಪತ್ರ ಬಂದರೆ ನಂಬಬೇಡಿ ಎಂದು ಹೇಳಿ.

ತೆಗೆಯುವುದು

ಮುಖ್ಯ ಕಡತಗಳನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿ: ಕಾಗದಪತ್ರ, ಫೋಟೋ, ಟ್ಯಾಲಿ ಡೇಟಾ. ಸೆಟಪ್ ಫೈಲು, ಜಿಪ್ ಬೇಡ. ಆಮೇಲೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು ಸ್ಟಾರ್ಟಪ್ ವಿಭಾಗ ನೋಡಿ. ಹೆಸರಿಗೆ ಮರುಳಾಗಬೇಡಿ, ಜಾಗ ನೋಡಿ: ರೈಟ್ ಕ್ಲಿಕ್ ಮಾಡಿ ‘ಓಪನ್ ಫೈಲ್ ಲೊಕೇಶನ್’. ಎಸ್‌ವಿಸಿಹೋಸ್ಟ್ ಎಂಬ ಹೆಸರಿನದು ವಿಂಡೋಸ್‌ನ ಸಿಸ್ಟಮ್32 ಬಿಟ್ಟು ಆಪ್‌ಡೇಟಾ, ಟೆಂಪ್ ಅಥವಾ ಪ್ರೋಗ್ರಾಂಡೇಟಾದಲ್ಲಿ ಕೂತಿದ್ದರೆ ಅದು ವೇಷಧಾರಿ. ಆಪ್‌ಡೇಟಾದಲ್ಲಿ ಬರೆಯಲು ಅಡ್ಮಿನ್ ಅನುಮತಿ ಬೇಕಿಲ್ಲದ ಕಾರಣ ಇವು ಅಲ್ಲೇ ಬಿಡಾರ ಹೂಡುವುದು. ನುಡಿ, ಬರಹ ಕಂಡರೆ ಗಾಬರಿ ಬೇಡ. ಕೀಲಿ ಒತ್ತಿದ್ದನ್ನು ಹಿಡಿದು ಕನ್ನಡ ಅಕ್ಷರ ಮಾಡುವುದೇ ಅವುಗಳ ಕೆಲಸ.

ಇನ್ನೂ ಆಳಕ್ಕೆ ಮೈಕ್ರೋಸಾಫ್ಟಿನ ಸಿಸ್‌ಇಂಟರ್ನಲ್ಸ್ ತಾಣದ ಆಟೋರನ್ಸ್ ಉಪಕರಣ ಬೇಕು. ಬೇರೆ ಯಂತ್ರದಲ್ಲಿ ಇಳಿಸಿ ಪೆನ್‌ಡ್ರೈವಿನಲ್ಲಿ ತನ್ನಿ, ಅಡ್ಮಿನ್ ಆಗಿ ತೆರೆಯಿರಿ, ಆಪ್ಷನ್ಸ್‌ನಲ್ಲಿ ಮೈಕ್ರೋಸಾಫ್ಟಿನವನ್ನು ಮರೆಮಾಡಿ ತಯಾರಕರ ಡಿಜಿಟಲ್ ಸಹಿಯ ಪರಿಶೀಲನೆಗೆ ಟಿಕ್ ಹಾಕಿ. ಹಳದಿ ಸಾಲು ಎಂದರೆ ಫೈಲು ಆ ಜಾಗದಲ್ಲಿಲ್ಲ. ಗುಲಾಬಿ ಎಂದರೆ ಸಹಿ ಇಲ್ಲ ಅಥವಾ ತಾಳೆಯಾಗಿಲ್ಲ. ಗುಲಾಬಿಯೆಲ್ಲ ಕೆಟ್ಟದ್ದಲ್ಲ, ಪ್ರಿಂಟರ್ ಡ್ರೈವರೂ ಹಾಗೆ ಕಾಣಬಹುದು. ಆದ್ದರಿಂದ ಡಿಲೀಟ್ ಮಾಡದೆ ಮೊದಲು ಟಿಕ್ ಮಾತ್ರ ತೆಗೆಯಿರಿ, ರೀಸ್ಟಾರ್ಟ್ ಮಾಡಿ ನೋಡಿ. ತೆಗೆದ ಟಿಕ್ ತಾನಾಗಿ ಮರಳಿದರೆ ಒಳಗೆ ಇನ್ನೊಂದು ಕಾಯುತ್ತಿದೆ ಎಂದರ್ಥ. ಟಾಸ್ಕ್ ಶೆಡ್ಯೂಲರನ್ನೂ ಪ್ರತ್ಯೇಕವಾಗಿ ತೆರೆಯಿರಿ. ಕೆಲವು ನಿಮಿಷಕ್ಕೊಮ್ಮೆ ಪವರ್‌ಶೆಲ್, ಡಬ್ಲ್ಯುಸ್ಕ್ರಿಪ್ಟ್ ಅಥವಾ ಎಂಎಸ್‌ಎಚ್‌ಟಿಎ (ಕಮಾಂಡ್, ಸ್ಕ್ರಿಪ್ಟ್ ನಡೆಸುವ ವಿಂಡೋಸ್ ಉಪಕರಣಗಳು) ಓಡಿಸುವ ಅಪರಿಚಿತ ಟಾಸ್ಕ್ ಇದ್ದರೆ ಡಿಸೇಬಲ್ ಮಾಡಿ.

ಸ್ಕ್ಯಾನಿಗೆ ಮುಂಚೆ ಒಂದು ಮುಖ್ಯ ತಪಾಸಣೆ. ವಿಂಡೋಸ್ ಸೆಕ್ಯುರಿಟಿ, ವೈರಸ್ ಆಂಡ್ ಥ್ರೆಟ್ ಪ್ರೊಟೆಕ್ಷನ್, ಮ್ಯಾನೇಜ್ ಸೆಟ್ಟಿಂಗ್ಸ್, ಎಕ್ಸ್‌ಕ್ಲೂಶನ್ಸ್. ಬಹಳಷ್ಟು ಸ್ಪೈವೇರ್ ತನ್ನ ಫೋಲ್ಡರನ್ನು, ಕೆಲವೊಮ್ಮೆ ಇಡೀ ಸಿ ಡ್ರೈವನ್ನೇ ಇಲ್ಲಿ ಸೇರಿಸಿರುತ್ತದೆ. ಹಾಗಿರುವಾಗ ಎಷ್ಟು ಸ್ಕ್ಯಾನ್ ಮಾಡಿದರೂ ಡಿಫೆಂಡರ್ ಆ ಕಡೆ ತಿರುಗಿಯೂ ನೋಡುವುದಿಲ್ಲ. ನೀವೇ ಹಾಕಿರದ ಎಲ್ಲವನ್ನೂ ತೆಗೆಯಿರಿ. ಸ್ವಲ್ಪ ಹೊತ್ತು ನೆಟ್ ಕೊಟ್ಟು ಡೆಫಿನಿಶನ್ (ಹೊಸ ವೈರಸ್‌ಗಳ ಗುರುತುಪಟ್ಟಿ) ಅಪ್‌ಡೇಟ್ ಮಾಡಿ, ಸ್ಕ್ಯಾನ್ ಆಪ್ಷನ್ಸ್‌ನಲ್ಲಿ ‘ಆಫ್‌ಲೈನ್ ಸ್ಕ್ಯಾನ್’ ಆರಿಸಿ. ಯಂತ್ರ ರೀಸ್ಟಾರ್ಟ್ ಆಗಿ, ವಿಂಡೋಸ್ ಪೂರ್ತಿ ಏಳುವ ಮುಂಚೆಯೇ ಸುಮಾರು 15 ನಿಮಿಷ ಹುಡುಕುತ್ತದೆ. ಅಡಗಿಕೊಳ್ಳಲು ಸ್ಪೈವೇರ್ ಆಗ ಎಚ್ಚರವಿರುವುದಿಲ್ಲ. ಡಿಸ್ಕನ್ನು ಗೂಢಲಿಪಿಯಲ್ಲಿ ಭದ್ರವಾಗಿಡುವ ಬಿಟ್‌ಲಾಕರ್ ಇದ್ದರೆ ನಡುವೆ 48 ಅಂಕಿಯ ರಿಕವರಿ ಕೀ ಕೇಳಬಹುದು. ಮೊಬೈಲಿನಿಂದ ಮೈಕ್ರೋಸಾಫ್ಟ್ ಖಾತೆ ತೆರೆದು ಮೊದಲೇ ಬರೆದಿಟ್ಟುಕೊಳ್ಳಿ. ಮಳೆಗಾಲದಲ್ಲಿ ಹೆಸ್ಕಾಂ ಕರೆಂಟನ್ನು ನಂಬಿ ಡೆಸ್ಕ್‌ಟಾಪಿನಲ್ಲಿ ಇದನ್ನು ಶುರು ಮಾಡುವುದು ಬೇಡ, ಯುಪಿಎಸ್ ಇರಲಿ.

ಇದಾದ ಮೇಲೆ ಎರಡನೆಯ ಅಭಿಪ್ರಾಯಕ್ಕೆ ಮಾಲ್‌ವೇರ್‌ಬೈಟ್ಸ್‌ನ ಉಚಿತ ಆವೃತ್ತಿ ಅಥವಾ ಮೈಕ್ರೋಸಾಫ್ಟ್ ಸೇಫ್ಟಿ ಸ್ಕ್ಯಾನರ್. ಎರಡನೆಯದು ಇಳಿಸಿದ 10 ದಿನಕ್ಕೆ ಹಳತಾಗುತ್ತದೆ, ಪೆನ್‌ಡ್ರೈವಿನಲ್ಲಿ ಇಟ್ಟುಕೊಂಡ ಹಳೇ ಪ್ರತಿ ಉಪಯೋಗಕ್ಕಿಲ್ಲ. ಸದಾ ಕಾವಲಿರುವ ಆಂಟಿವೈರಸ್ ಮಾತ್ರ ಒಂದೇ ಇರಲಿ; ಎರಡಿದ್ದರೆ ಒಂದರ ಕಾಲಿಗೆ ಇನ್ನೊಂದು ತೊಡರುತ್ತದೆ.

ಬ್ರೌಸರ್ ಉಳಿಯಿತು. ಗುರುತಿಲ್ಲದ ಎಕ್ಸ್‌ಟೆನ್ಶನ್ ತೆಗೆಯಿರಿ, ನೋಟಿಫಿಕೇಶನ್ ಅನುಮತಿ ಖಾಲಿ ಮಾಡಿ. ಸ್ವಂತ ಕಂಪ್ಯೂಟರಿನ ಕ್ರೋಮ್ ‘ಮ್ಯಾನೇಜ್ಡ್ ಬೈ ಯುವರ್ ಆರ್ಗನೈಸೇಶನ್’ ಎಂದು ತೋರಿಸಿದರೆ ಯಾರೋ ಪಾಲಿಸಿ, ಅಂದರೆ ನೀವು ಬದಲಿಸಲಾಗದ ಸೆಟ್ಟಿಂಗ್, ಹೇರಿದ್ದಾರೆ ಎಂದು ತಿಳಿಯಿರಿ. ಕೆಲವು ಆಂಟಿವೈರಸ್‌ಗಳೂ ಹೀಗೆ ಮಾಡುತ್ತವೆ, ಅದನ್ನು ಮೊದಲು ಖಚಿತಪಡಿಸಿಕೊಳ್ಳಿ. ವಿಂಡೋಸ್ ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ವಿಭಾಗದಲ್ಲಿ ನೀವು ಹಾಕಿರದ ಪ್ರಾಕ್ಸಿ (ನಿಮ್ಮ ನೆಟ್ ಸಂಚಾರವನ್ನು ಬೇರೆ ಸರ್ವರ್ ಮೂಲಕ ಹಾಯಿಸುವ ವ್ಯವಸ್ಥೆ) ಇದ್ದರೆ ಆಫ್ ಮಾಡಿ.

ಫಾರ್ಮ್ಯಾಟ್ ಯಾವಾಗ

ತೆಗೆದದ್ದು ಮರಳಿ ಬಂದರೆ, ಡಿಫೆಂಡರ್ ಆನ್ ಆಗದೇ ಹೋದರೆ, ಮೌಸ್ ತಾನೇ ಓಡಾಡುವಂಥ ದೂರನಿಯಂತ್ರಣದ ಕುರುಹು ಇದ್ದರೆ, ಅಥವಾ ಆ ಯಂತ್ರದಲ್ಲಿ ಬ್ಯಾಂಕ್ ವಹಿವಾಟು ನಡೆಯುವುದಾದರೆ ಹುಡುಕಾಟ ಸಾಕು, ಫಾರ್ಮ್ಯಾಟ್ ಮಾಡಿ. ಸೋಂಕಿಲ್ಲದ ಕಂಪ್ಯೂಟರಿನಲ್ಲಿ ಮೀಡಿಯಾ ಕ್ರಿಯೇಶನ್ ಟೂಲ್ ಬಳಸಿ ಕನಿಷ್ಠ 8 ಜಿಬಿ ಪೆನ್‌ಡ್ರೈವ್ ತಯಾರಿಸಿ, ಅದರಿಂದ ಬೂಟ್ ಮಾಡಿ, ಆ ಡಿಸ್ಕಿನ ಪಾರ್ಟಿಶನ್‌ಗಳನ್ನೆಲ್ಲ ಅಳಿಸಿ ಹೊಸದಾಗಿ ಹಾಕಿ. ಡಿ ಡ್ರೈವನ್ನು ಹಾಗೇ ಬಿಟ್ಟು ಸಿ ಮಾತ್ರ ಅಳಿಸುವುದು ರೂಢಿ. ಸೋಂಕಿನ ಸೆಟಪ್ ಫೈಲು ಡಿಯಲ್ಲೇ ಇದ್ದರೆ ವಾರದೊಳಗೆ ಮತ್ತದೇ ಪಾಡು. ರಿಪೇರಿಗೆ ಕೊಡುವುದಾದರೆ ‘ಕ್ರ್ಯಾಕ್ ಹಾಕಬೇಡಿ’ ಎಂದು ಬಾಯಿಬಿಟ್ಟು ಹೇಳಿ. ಅಸಲಿ ಲೈಸೆನ್ಸ್ ಇದ್ದ ಯಂತ್ರ ನೆಟ್ ಸಿಕ್ಕಾಗ ತಾನೇ ಆಕ್ಟಿವೇಟ್ ಆಗುತ್ತದೆ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಹೇಗೂ ಹೊಸದಾಗಿ ಹಾಕುವಾಗ ಯಂತ್ರಕ್ಕೆ ಸಾಮರ್ಥ್ಯವಿದ್ದರೆ 11ನ್ನೇ ಹಾಕಿ. ದಿನನಿತ್ಯದ ಕೆಲಸಕ್ಕೆ ಅಡ್ಮಿನ್ ಅಲ್ಲದ ಸ್ಟ್ಯಾಂಡರ್ಡ್ ಖಾತೆ ಮಾಡಿಕೊಳ್ಳಿ. ಮಾಹಿತಿಗಳ್ಳನನ್ನು ಇದು ಪೂರ್ತಿ ತಡೆಯದು, ಆದರೆ ಡಿಫೆಂಡರಿಗೆ ಕೈಹಾಕುವುದು ಅದಕ್ಕೆ ಕಷ್ಟವಾಗುತ್ತದೆ.

ಹಣ ಹೋಗಿದ್ದರೆ ಫಾರ್ಮ್ಯಾಟಿಗೆ ಮುಂಚೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಹಣ ಇನ್ನೊಂದು ಖಾತೆಯಲ್ಲೇ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಬ್ಯಾಂಕಿಗೂ ತಿಳಿಸಿ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲಿನಲ್ಲಿ ದೂರು ದಾಖಲಿಸಿ, ಬೇಕಿದ್ದರೆ ಕಾರವಾರದ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಠಾಣೆಗೆ ಹೋಗಿ. ವಹಿವಾಟಿನ ಯುಟಿಆರ್ ಸಂಖ್ಯೆ (ಬ್ಯಾಂಕ್ ಕೊಡುವ ವಹಿವಾಟು ಗುರುತು), ಬಂದ ಇಮೇಲ್ ಅಳಿಸದೆ ಹಾಗೇ, ಡಿಫೆಂಡರಿನ ಪ್ರೊಟೆಕ್ಷನ್ ಹಿಸ್ಟರಿಯ ಫೋಟೋ ಜೊತೆಗಿರಲಿ. ಕಂಪ್ಯೂಟರನ್ನು ಸಾಕ್ಷ್ಯಕ್ಕೆ ಕೇಳುತ್ತಾರೋ ಇಲ್ಲವೋ ಎಂಬುದು ಅಲ್ಲಿ ಖಚಿತವಾದ ಮೇಲೆಯೇ ಡಿಸ್ಕ್ ಅಳಿಸಿ.