ಬ್ಲಿಸ್ಟರ್ಸ್ ಪ್ರೆಸೆಂಟ್, ಡ್ರೆಸ್ಸಿಂಗ್ ಡನ್

"ನಿನ್ನೆಗಿಂತ ಜಾಸ್ತಿ ಆಗಿದೆಯಾ ಸಿಸ್ಟರ್?" ರೌಂಡ್ಸಿನಲ್ಲಿ ಡಾಕ್ಟರ್ ಕೇಳಿದರು. ಪೆಂಫಿಗಸ್ ರೋಗಿ. ಮೈತುಂಬ ನೀರುಗುಳ್ಳೆ, ಬಾಯಲ್ಲೂ ಹುಣ್ಣು. ಕೇಸ್ ಶೀಟ್ ತಿರುವಿದೆ. ಮೂರು ದಿನವೂ ಒಂದೇ ಸಾಲು: 'ಬ್ಲಿಸ್ಟರ್ಸ್ ಪ್ರೆಸೆಂಟ್, ಡ್ರೆಸ್ಸಿಂಗ್ ಡನ್.' ಎರಡು ದಿನದ್ದು ನನ್ನದೇ ಅಕ್ಷರ. ಏನಂತ ಹೇಳಲಿ?

ಹಿಂದಿನ ಶಿಫ್ಟಿನ ಸಾಲನ್ನೇ ಇಳಿಸಿಕೊಳ್ಳುವುದು ನಮ್ಮಲ್ಲಿ ಮಾಮೂಲಿ. ಅವತ್ತಿನಿಂದ ಬಿಟ್ಟೆ.

ಮುಂದು, ಹಿಂದು ಎರಡೂ ಇರುವ ಮೈಚಿತ್ರವೊಂದನ್ನು ಜೆರಾಕ್ಸ್ ಮಾಡಿಸಿಟ್ಟುಕೊಂಡೆ. ಒಡೆಯದ ಗುಳ್ಳೆಗೆ ಸೊನ್ನೆ, ಒಡೆದು ಹಸಿಯಾದ ಜಾಗಕ್ಕೆ ಗೆರೆ. ದಿನಕ್ಕೊಂದು ಹಾಳೆ. ಎಷ್ಟು ಜಾಗ ಅನ್ನುವುದಕ್ಕೆ ಅಂಗೈ ಲೆಕ್ಕ. ಬೆರಳೂ ಸೇರಿ ಒಂದು ಅಂಗೈ ಅಂದರೆ ಮೈಚರ್ಮದ ಸುಮಾರು ಶೇ. 1. ರೋಗಿಯ ಅಂಗೈ, ನಮ್ಮದಲ್ಲ! ಮಕ್ಕಳಿಗೆ ನಮ್ಮ ಕೈ ಇಟ್ಟು ಅಳೆದರೆ ಲೆಕ್ಕ ಪೂರ್ತಿ ತಪ್ಪುತ್ತದೆ. ಮಾತ್ರೆ ಆಗಿಬರದೆ ಚರ್ಮ ಸುಲಿಯುವ ಕೇಸುಗಳಲ್ಲಿ ಈ ಅಂಕಿ ತುಂಬಾ ಮುಖ್ಯ. ಶೇ. 10ಕ್ಕಿಂತ ಕಡಿಮೆ ಸುಲಿದರೆ ಸ್ಟೀವನ್ಸ್-ಜಾನ್ಸನ್ ಸಿಂಡ್ರೋಮ್, ಶೇ. 30 ದಾಟಿದರೆ ಅದರದೇ ತೀವ್ರ ರೂಪವಾದ ಟಾಕ್ಸಿಕ್ ಎಪಿಡರ್ಮಲ್ ನೆಕ್ರೋಲಿಸಿಸ್ (TEN). 'ಜಾಸ್ತಿ ಸುಲಿದಿದೆ' ಅಂತ ಬರೆದರೆ ಯಾರಿಗೆ ಏನು ಗೊತ್ತಾಗುತ್ತೆ?

ಬಣ್ಣದ ವಿಷಯದಲ್ಲಿ ನಾನು ಸರಿಯಾಗಿಯೇ ಎಡವಿದ್ದೇನೆ. ಹಾಸಿಗೆ ಹುಣ್ಣು ಶುರುವಾಗುವಾಗ ಚರ್ಮ 'ಕೆಂಪಾಗುತ್ತದೆ' ಅಂತ ಪುಸ್ತಕದಲ್ಲಿ ಓದಿ ಬಂದವರು ನಾವು. ಕಪ್ಪು ಮೈಯಲ್ಲಿ ಕೆಂಪು ಎಲ್ಲಿ ಕಾಣುತ್ತೆ? ಹಾಸಿಗೆ ಹಿಡಿದಿದ್ದ ಒಬ್ಬ ಅಜ್ಜಿಯ ಬೆನ್ನಿನ ಕೆಳತುದಿಯ ಮೂಳೆ ಹತ್ತಿರ ನೋಡಿ 'ನೋ ರೆಡ್‌ನೆಸ್' ಅಂತ ಬರೆದೆ. ಎರಡೇ ದಿನಕ್ಕೆ ಅಲ್ಲಿ ಚರ್ಮ ಒಡೆಯಿತು. ಈಗ ಮುಟ್ಟಿ ನೋಡುತ್ತೇನೆ. ಬಿಸಿ ಇದೆಯಾ, ಗಟ್ಟಿಯಾಗಿದೆಯಾ, ಪಕ್ಕದ ಚರ್ಮಕ್ಕಿಂತ ಕಪ್ಪಾಗಿದೆಯಾ, ಒತ್ತಿದರೆ ನೋಯುತ್ತಾ? ಅಷ್ಟನ್ನೂ ಬರೆಯುತ್ತೇನೆ.

ರಾತ್ರಿ ಪಾಳಿಯ 'ಸ್ಲೆಪ್ಟ್ ವೆಲ್' ಇನ್ನೊಂದು ಸುಳ್ಳು. ಕಜ್ಜಿ ಇದ್ದವರಿಗೆ ರಾತ್ರಿಯೇ ನವೆ ಜಾಸ್ತಿ. ಎಷ್ಟು ಸಲ ಎದ್ದರು, ಎಲ್ಲಿ ಕೆರೆದುಕೊಂಡರು ಅಂತ ಕೇಳಿ ಬರೆಯುತ್ತೇನೆ. 'ಬೆರಳ ಸಂದಿಯಲ್ಲಿ ಉರಿ' ಅಂದರೆ ಅದೇ ಮಾತು ಶೀಟಿಗೆ.

ಇಷ್ಟೆಲ್ಲ ಬರೆಯಲು ಟೈಮ್ ಎಲ್ಲಿದೆ ಅಂತ ಜೊತೆಯವರು ಗೊಣಗಿದರು. ಅದೂ ನಿಜವೇ. ಹಾಗಾಗಿ ಡ್ರೆಸ್ಸಿಂಗ್ ಟ್ರಾಲಿಯಲ್ಲೇ ಹಾಳೆ ಇಟ್ಟುಕೊಂಡೆ. ಮಂಚದ ಪಕ್ಕ ನಿಂತೇ ಗುರುತು ಹಾಕುವುದು. ಆಮೇಲೆ ಡೆಸ್ಕಿನಲ್ಲಿ ಕೂತು ನೆನಪಿಸಿಕೊಂಡರೆ ಎಡಗಾಲಿನದು ಬಲಗಾಲಿಗೆ ಹೋಗಿರುತ್ತೆ. ಬೆನ್ನಿನ ಚಿತ್ರದಲ್ಲಂತೂ ಇಬ್ಬರು ಉಲ್ಟಾ ಹಾಕಿದ್ದರು. ಈಗ ಮೂಲ ಪ್ರತಿಯಲ್ಲೇ 'ಎಡ', 'ಬಲ' ಅಂತ ದಪ್ಪಕ್ಷರದಲ್ಲಿ ಬರೆದು ಜೆರಾಕ್ಸಿಗೆ ಕೊಡುತ್ತೇನೆ.