ಫಿಟ್ಸ್ ಇರುವವರ ಅಂಗವೈಕಲ್ಯ ಪ್ರಮಾಣಪತ್ರ: ಅರ್ಜಿಗಿಂತ ಮೊದಲು ಒಂದು ನೋಟ್‌ಬುಕ್

ತಮ್ಮನಿಗೆ ಫಿಟ್ಸ್ ಬಂದ ದಿನ ಅಮ್ಮ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಆ ತಾರೀಖಿಗೆ ಕೆಂಪು ಪೆನ್ನಿನಿಂದ ಸುತ್ತು ಹಾಕುತ್ತಿದ್ದಳು. ಏಕಾದಶಿ, ಸಂಕಷ್ಟಿಗಳ ನಡುವೆ ಆ ಕೆಂಪು ಸುತ್ತುಗಳು. ವರ್ಷ ಮುಗಿದ ಮೇಲೆ ಆ ಹಾಳೆಗಳೇ ನನ್ನ ಶಾಲಾ ಪುಸ್ತಕಗಳಿಗೆ ಹೊದಿಕೆಯಾಗುತ್ತಿದ್ದವು. ಎಷ್ಟೋ ವರ್ಷಗಳ ನಂತರ ಅಂಗವೈಕಲ್ಯ ಪ್ರಮಾಣಪತ್ರಕ್ಕಾಗಿ ವೈದ್ಯಕೀಯ ಮಂಡಳಿಯ ಮುಂದೆ ಕುಳಿತಾಗ ವೈದ್ಯರು ಕೇಳಿದರು: ‘ತಿಂಗಳಿಗೆ ಎಷ್ಟು ಸಲ ಬರುತ್ತದೆ?’ ‘ಆಗಾಗ ಬರುತ್ತದೆ ಸರ್’ ಎಂದಳು ಅಮ್ಮ. ‘ಆಗಾಗ’ ಎನ್ನುವುದನ್ನು ಯಾವ ನಮೂನೆಯಲ್ಲಿ ಬರೆಯುವುದು? ಆ ಸಲ ಬರಿಗೈಯಲ್ಲಿ ಮನೆಗೆ ಬಂದೆವು.

ಅಪಸ್ಮಾರದ, ಅಂದರೆ ಪದೇಪದೇ ಫಿಟ್ಸ್ ಬರುವ ಕಾಯಿಲೆಯ, ಕಷ್ಟವೇ ಇದು. ತಪಾಸಣೆಯ ದಿನ ಮನುಷ್ಯ ಚೆನ್ನಾಗಿಯೇ ಇರುತ್ತಾನೆ. ನಡೆಯುತ್ತಾನೆ, ಮಾತನಾಡುತ್ತಾನೆ, ಸಹಿ ಹಾಕುತ್ತಾನೆ. ಎರಡು ಫಿಟ್ಸ್‌ಗಳ ನಡುವಿನ ಅವಧಿಯಲ್ಲಿ ತೆಗೆದ ಇಇಜಿ (ಮೆದುಳಿನ ವಿದ್ಯುತ್ ಚಟುವಟಿಕೆಯ ಪರೀಕ್ಷೆ) ಕೂಡ ಸಹಜವಾಗಿ ಕಾಣಬಹುದು. ಆದ್ದರಿಂದ ನಿಮ್ಮ ಪರವಾಗಿ ಮಾತನಾಡಬೇಕಾದದ್ದು ದಾಖಲೆ.

ಮೊದಲು ಕಾನೂನು ಏನು ಹೇಳುತ್ತದೆ ಎಂದು ತಿಳಿದಿರಲಿ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ. ಅದರಲ್ಲಿ ಅಪಸ್ಮಾರದ ಹೆಸರು ಪ್ರತ್ಯೇಕವಾಗಿ ಇಲ್ಲ. ‘ದೀರ್ಘಕಾಲೀನ ನರರೋಗಗಳು’ ಎಂಬ ಗುಂಪು ಇದೆ. ಅಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್, ಪಾರ್ಕಿನ್ಸನ್ ಕಾಯಿಲೆಗಳನ್ನು ‘ಮುಂತಾದ’ ಎಂಬ ಅರ್ಥ ಬರುವಂತೆ ಉದಾಹರಣೆಯಾಗಿ ಕೊಟ್ಟಿದ್ದಾರೆ. ಫಿಟ್ಸ್ ಇರುವವರು ಸಾಮಾನ್ಯವಾಗಿ ಹಿಡಿಯಬೇಕಾದ ಬಾಗಿಲು ಇದೇ. ನಿಮ್ಮ ಮಗುವಿಗೆ ಫಿಟ್ಸ್ ಜೊತೆಗೆ ಬುದ್ಧಿ ಬೆಳವಣಿಗೆಯ ಕುಂಠಿತ, ಸೆರೆಬ್ರಲ್ ಪಾಲ್ಸಿ ಅಥವಾ ಆಟಿಸಂ ಇದ್ದರೆ ಅದನ್ನೂ ತಪ್ಪದೆ ಹೇಳಿ. ಅವು ಪಟ್ಟಿಯಲ್ಲಿ ಹೆಸರಿನೊಂದಿಗೇ ಇವೆ, ಹಾದಿ ಸಲೀಸಾಗುತ್ತದೆ. ಅಂಥ ಮಕ್ಕಳಿಗೆ ರಾಷ್ಟ್ರೀಯ ನ್ಯಾಸದ (ನ್ಯಾಷನಲ್ ಟ್ರಸ್ಟ್) ‘ನಿರಾಮಯ’ ಯೋಜನೆಯಲ್ಲಿ 1 ಲಕ್ಷ ರೂಪಾಯಿವರೆಗಿನ ಆರೋಗ್ಯ ವಿಮೆಯೂ ಸಿಗುತ್ತದೆ. ಬಹುತೇಕ ಸೌಲಭ್ಯಗಳಿಗೆ ಅಂಗವೈಕಲ್ಯದ ಪ್ರಮಾಣ ಕನಿಷ್ಠ ಶೇ 40 ಇರಬೇಕು.

ನೋಟ್‌ಬುಕ್ ಇಂದೇ ಶುರುವಾಗಲಿ

ಇಪ್ಪತ್ತು ರೂಪಾಯಿಯ ಒಂದು ನೋಟ್‌ಬುಕ್ ಸಾಕು. ಪ್ರತಿ ಸಲ ಫಿಟ್ಸ್ ಬಂದಾಗ ತಾರೀಖು, ಗಂಟೆ, ಎಷ್ಟು ನಿಮಿಷ ಇತ್ತು, ಪ್ರಜ್ಞೆ ತಪ್ಪಿತೇ, ನಾಲಿಗೆ ಕಚ್ಚಿಕೊಂಡರೇ, ಬಟ್ಟೆಯಲ್ಲೇ ಮೂತ್ರ ಹೋಯಿತೇ, ಬಿದ್ದು ಪೆಟ್ಟಾಯಿತೇ ಎಂದು ಬರೆಯಿರಿ. ಆ ದಿನ ಮಾತ್ರೆ ತೆಗೆದುಕೊಂಡಿದ್ದರೇ, ಹಿಂದಿನ ರಾತ್ರಿ ನಿದ್ದೆ ಕೆಟ್ಟಿತ್ತೇ ಎಂಬುದೂ ಇರಲಿ. ಮಾತ್ರೆ ಬಿಟ್ಟಿದ್ದರಿಂದ ಬಂದ ಫಿಟ್ಸ್‌ಗೂ, ಸರಿಯಾಗಿ ನುಂಗುತ್ತಿದ್ದರೂ ಬಂದ ಫಿಟ್ಸ್‌ಗೂ ವೈದ್ಯರ ಲೆಕ್ಕದಲ್ಲಿ ಬಹಳ ವ್ಯತ್ಯಾಸವಿದೆ.

ಕೈಕಾಲು ಸೆಳೆದುಕೊಂಡು ಬೀಳುವುದು ಮಾತ್ರ ಫಿಟ್ಸ್ ಅಲ್ಲ. ನಮ್ಮ ತಮ್ಮ ಕೆಲವೊಮ್ಮೆ ಊಟದ ಮಧ್ಯೆ ತುತ್ತು ಹಿಡಿದ ಕೈಯನ್ನು ಹಾಗೆಯೇ ನಿಲ್ಲಿಸಿ ಗೋಡೆಯನ್ನೇ ನೋಡುತ್ತಿದ್ದ. ತುಟಿ ಚಪ್ಪರಿಸುತ್ತಿದ್ದ, ಬೆರಳು ಅಂಗಿಯ ಗುಂಡಿಯನ್ನು ತಡಕಾಡುತ್ತಿತ್ತು. ಅರ್ಧ ನಿಮಿಷದ ಮೇಲೆ ‘ಏನು?’ ಎಂದು ನಮ್ಮನ್ನೇ ಕೇಳುತ್ತಿದ್ದ. ನಾವು ಅದನ್ನು ಗಮನವಿಲ್ಲದಿರುವಿಕೆ ಎಂದುಕೊಂಡು ಗದರುತ್ತಿದ್ದೆವು. ಅದನ್ನು ನೆನೆದರೆ ಇವತ್ತಿಗೂ ಸಂಕಟವಾಗುತ್ತದೆ. ಇಂಥವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಸಾಧ್ಯವಾದರೆ ಒಬ್ಬರು ರೋಗಿಯನ್ನು ನೋಡಿಕೊಳ್ಳುವಾಗ ಇನ್ನೊಬ್ಬರು ಮೊಬೈಲಿನಲ್ಲಿ ಚಿತ್ರೀಕರಿಸಲಿ.

ಫಿಟ್ಸ್ ನಿಂತ ನಂತರದ ಹೊತ್ತನ್ನೂ ಬರೆಯಿರಿ. ಎಷ್ಟು ಗಂಟೆ ಮಲಗಿದರು, ಯಾವಾಗ ಮನೆಯವರ ಗುರುತು ಹತ್ತಿತು, ಎಷ್ಟು ದಿನ ಕೂಲಿಗೆ ಅಥವಾ ಕಾಲೇಜಿಗೆ ಹೋಗಲಾಗಲಿಲ್ಲ. ಎರಡು ನಿಮಿಷದ ಫಿಟ್ಸ್ ಎರಡು ದಿನದ ದುಡಿಮೆಯನ್ನು ತಿನ್ನುತ್ತದೆ ಎಂಬುದು ಹೊರಗಿನವರಿಗೆ ತಿಳಿಯುವುದು ಈ ಸಾಲುಗಳಿಂದ.

ಎಷ್ಟೋ ಮನೆಗಳಲ್ಲಿ, ಅದರಲ್ಲೂ ಹೆಣ್ಣುಮಕ್ಕಳ ವಿಷಯದಲ್ಲಿ, ಮದುವೆಗೆ ಅಡ್ಡಿಯಾದೀತು ಎಂದು ಆಸ್ಪತ್ರೆಯ ಚೀಟಿಗಳನ್ನೇ ಹರಿದು ಹಾಕುತ್ತಾರೆ. ಮದುವೆಗೆ ಅಡ್ಡಿ ಎಂದು ಹಿಂದೂ ವಿವಾಹ ಕಾಯ್ದೆಯಲ್ಲಿದ್ದ ಅಪಸ್ಮಾರದ ಉಲ್ಲೇಖವನ್ನು 1999ರ ತಿದ್ದುಪಡಿಯಲ್ಲೇ ತೆಗೆದುಹಾಕಲಾಗಿದೆ. ದಯವಿಟ್ಟು ಚೀಟಿಗಳನ್ನು ಕಾಪಾಡಿ.

ವೈದ್ಯರಿಂದ ಏನು ಬೇಕು

ಹೊರರೋಗಿ ಚೀಟಿ, ಡಿಸ್ಚಾರ್ಜ್ ಪತ್ರ, ಇಇಜಿ, ಎಂಆರ್‌ಐ ವರದಿ, ಔಷಧಿ ಬಿಲ್ಲು ಎಲ್ಲವನ್ನೂ ತಾರೀಖಿನ ಕ್ರಮದಲ್ಲಿ ಒಂದು ಫೈಲಿಗೆ ಹಾಕಿ. ಎಲ್ಲಕ್ಕಿಂತ ಮುಖ್ಯ, ನಿಮ್ಮನ್ನು ನೋಡುತ್ತಿರುವ ನರರೋಗ ತಜ್ಞರ ಪತ್ರ. ‘ಅಪಸ್ಮಾರ ಇದೆ’ ಎಂಬ ಒಂದು ಸಾಲು ಸಾಲದು. ಯಾವ ಬಗೆಯ ಫಿಟ್ಸ್, ಎಷ್ಟು ವರ್ಷದಿಂದ, ಯಾವ ಔಷಧಿಗಳನ್ನು ಯಾವ ಪ್ರಮಾಣದಲ್ಲಿ ಕೊಟ್ಟಾಗಿದೆ, ಔಷಧಿ ನಡೆಯುತ್ತಿದ್ದರೂ ತಿಂಗಳಿಗೆ ಎಷ್ಟು ಸಲ ಬರುತ್ತಿದೆ ಎಂದು ಬರೆದುಕೊಡಲು ಕೇಳಿ. ನೋಟ್‌ಬುಕ್ಕನ್ನು ಅವರ ಮುಂದೆ ಇಡಿ. ಮಾತ್ರೆಗಳಿಂದ ತೂಕಡಿಕೆ, ಮರೆವು ಇದ್ದರೆ ಅದೂ ಪತ್ರದಲ್ಲಿ ಬರಲಿ.

ಅರ್ಜಿ

ಈ ಭಾಗ ಎಣಿಸಿದಷ್ಟು ಕಷ್ಟವಲ್ಲ. ಕೇಂದ್ರ ಸರ್ಕಾರದ ಸ್ವಾವಲಂಬನ್ ಜಾಲತಾಣದಲ್ಲಿ ಯುಡಿಐಡಿ ಕಾರ್ಡಿಗೆ (ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ) ಅರ್ಜಿ ಹಾಕಬೇಕು, ಪ್ರಮಾಣಪತ್ರಕ್ಕೂ ಇದೇ ಅರ್ಜಿ. ಆಧಾರ್, ಭಾವಚಿತ್ರ, ವಿಳಾಸದ ದಾಖಲೆ, ಮೊಬೈಲ್ ಸಂಖ್ಯೆ ಬೇಕು. ಅಂಗವೈಕಲ್ಯದ ಬಗೆ ಮತ್ತು ಆಸ್ಪತ್ರೆಯನ್ನು ಆರಿಸಿ ಸಲ್ಲಿಸಿದ ಮೇಲೆ ಸಿಗುವ ನೋಂದಣಿ ಸಂಖ್ಯೆಯನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಬರೆದಿಡಿ. ಹಳ್ಳಿಯಲ್ಲಿದ್ದರೆ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕಾಣಿ. ಅವರಿರುವುದೇ ಇಂಥ ಕೆಲಸಕ್ಕೆ.

ಆಸ್ಪತ್ರೆಗೆ ಹೋಗುವ ದಿನ ಫಿಟ್ಸ್ ಕಣ್ಣಾರೆ ಕಂಡವರು ಜೊತೆಯಲ್ಲಿರಲೇಬೇಕು. ಪ್ರಜ್ಞೆ ತಪ್ಪಿದವರಿಗೆ ತಮಗೇನಾಯಿತು ಎಂದು ಹೇಳಲು ಬರುವುದಿಲ್ಲ. ಬೇಗ ಮುಗಿಸಬೇಕೆಂದು ಬೆಳಗಿನ ಮಾತ್ರೆ ಬಿಡಬೇಡಿ, ಖಾಲಿ ಹೊಟ್ಟೆಯಲ್ಲಿ ಸಾಲಿನಲ್ಲಿ ನಿಲ್ಲಬೇಡಿ. ಇದ್ದದ್ದನ್ನು ಇದ್ದ ಹಾಗೆ ಹೇಳಿ. ಹೆಚ್ಚಿಸಿ ಹೇಳಬಾರದು, ಮೋಸದಿಂದ ಸೌಲಭ್ಯ ಪಡೆದರೆ ಎರಡು ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಎಂದು ಕಾಯ್ದೆಯಲ್ಲಿದೆ. ಹಾಗೆಯೇ ನಾಚಿಕೆಯಿಂದ ಕಡಿಮೆ ಮಾಡಿಯೂ ಹೇಳಬೇಡಿ. ನಮ್ಮವರು ಹೆಚ್ಚಾಗಿ ಮಾಡುವ ತಪ್ಪು ಈ ಎರಡನೆಯದು. ‘ಈಗ ಪರವಾಗಿಲ್ಲ ಸರ್’ ಎಂಬ ಮಾತು ಬಾಯಿಗೆ ಬಂದುಬಿಡುತ್ತದೆ.

ಶೇ 40ಕ್ಕಿಂತ ಕಡಿಮೆ ಇದ್ದವರಿಗೆ ಬಿಳಿ, 40ರಿಂದ 80ರ ಒಳಗಿದ್ದವರಿಗೆ ಹಳದಿ, 80 ಮತ್ತು ಮೇಲ್ಪಟ್ಟವರಿಗೆ ನೀಲಿ ಕಾರ್ಡು ಎಂದು 2024ರ ತಿದ್ದುಪಡಿ ನಿಯಮ ಹೇಳುತ್ತದೆ.

ಕಾರ್ಡು ಬಂದ ಮಾತ್ರಕ್ಕೆ ಮಾಸಾಶನ ತಾನಾಗಿ ಬರುವುದಿಲ್ಲ. ಅದಕ್ಕೆ ನಾಡಕಚೇರಿಯಲ್ಲಿ ಬೇರೆ ಅರ್ಜಿ ಹಾಕಬೇಕು. ಆದಾಯ ಪ್ರಮಾಣಪತ್ರ, ಪಡಿತರ ಚೀಟಿ, ಆಧಾರ್ ಜೋಡಿಸಿದ ಬ್ಯಾಂಕ್ ಅಥವಾ ಅಂಚೆ ಖಾತೆಯ ಪುಸ್ತಕ ಇರಲಿ. ಗ್ರಾಮ ಆಡಳಿತಾಧಿಕಾರಿ ಪರಿಶೀಲನೆಗೆ ಬಂದಾಗ ಮನೆಯಲ್ಲಿರಿ.

ಇಲ್ಲ ಎಂದರೆ

ಕಾರಣವನ್ನು ಲಿಖಿತವಾಗಿ ಕೇಳಿ ಪಡೆಯಿರಿ. ಪ್ರಮಾಣಪತ್ರ ನಿರಾಕರಿಸಿದರೂ, ಶೇಕಡಾವಾರು ತೀರಾ ಕಡಿಮೆ ಕೊಟ್ಟರೂ ಮೇಲ್ಮನವಿಗೆ ಅವಕಾಶವಿದೆ. ನಿರ್ಧಾರದ ದಿನದಿಂದ 90 ದಿನಗಳೊಳಗೆ ಸಲ್ಲಿಸಬೇಕು. ಎಲ್ಲಿಗೆ ಸಲ್ಲಿಸಬೇಕು ಎಂಬುದನ್ನು ಜಿಲ್ಲಾ ಅಂಗವಿಕಲರ ಕಲ್ಯಾಣಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ. ನಾವು ಎರಡನೆಯ ಸಲ ಹೋದಾಗ ಹನ್ನೊಂದು ತಿಂಗಳ ಬರಹವಿದ್ದ ನೋಟ್‌ಬುಕ್ ಅಮ್ಮನ ಚೀಲದಲ್ಲಿತ್ತು. ವೈದ್ಯರು ಪುಟ ತಿರುಗಿಸುತ್ತಾ ತಾವೇ ಎಣಿಸಿಕೊಂಡರು. ಅಮ್ಮನನ್ನು ಯಾರೂ ‘ಎಷ್ಟು ಸಲ’ ಎಂದು ಕೇಳಲಿಲ್ಲ.

ಪ್ರಮಾಣಪತ್ರ ತಾತ್ಕಾಲಿಕವಾದರೆ ಅದರ ಅವಧಿ ಮುಗಿಯುವ ತಾರೀಖನ್ನು ಅದೇ ನೋಟ್‌ಬುಕ್ಕಿನಲ್ಲಿ ಗುರುತು ಹಾಕಿ, ಮೂರು ತಿಂಗಳು ಮೊದಲೇ ನವೀಕರಣಕ್ಕೆ ಓಡಾಟ ಶುರುಮಾಡಿ. ಬರೆಯುವುದನ್ನು ಮಾತ್ರ ನಡುವೆ ನಿಲ್ಲಿಸಬೇಡಿ. ಮರುತಪಾಸಣೆಯ ದಿನವೂ ಅದೇ ಪ್ರಶ್ನೆ ಬರುತ್ತದೆ.