ಹಿರಿಯರ ಥೈರಾಯ್ಡ್ ಅಳೆದ ಬಗೆ: ನನ್ನ ಅನುಭವ

ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡತೊಡಗಿದರೆ ಕೈ ನಡುಗುತ್ತದೆ, ಬೆವರು ಹರಿಯುತ್ತದೆ, ಮನಸ್ಸು ಚಡಪಡಿಸುತ್ತದೆ ಎಂದು ನಾವೆಲ್ಲ ಓದಿಕೊಂಡವರು. ಎಪ್ಪತ್ತು ದಾಟಿದವರಲ್ಲಿ ಇದ್ಯಾವುದೂ ಕಾಣದಿರಬಹುದು. ತೂಕ ಇಳಿದಿರುತ್ತದೆ, ಊಟ ಸೇರುವುದಿಲ್ಲ, ಯಾವುದರಲ್ಲೂ ಆಸಕ್ತಿ ಉಳಿದಿರುವುದಿಲ್ಲ. ವಯಸ್ಸಾಯಿತಲ್ಲ ಎಂದು ಮನೆಯವರು ಸುಮ್ಮನಾಗುತ್ತಾರೆ. ಹಿರಿಯರ ಆರೋಗ್ಯವನ್ನು ವರ್ಷಗಟ್ಟಲೆ ಗಮನಿಸುವ ಅಧ್ಯಯನವೊಂದರಲ್ಲಿ ಥೈರಾಯ್ಡ್ ಪರೀಕ್ಷೆಯ ಹೊಣೆ ನನ್ನ ಪಾಲಿಗೆ ಬಂದಾಗ, ಲಕ್ಷಣಗಳ ಪ್ರಶ್ನಾವಳಿಯನ್ನು ನೆಚ್ಚದೆ ರಕ್ತಪರೀಕ್ಷೆಯನ್ನೇ ಆಧಾರವಾಗಿಟ್ಟುಕೊಂಡದ್ದು ಇದಕ್ಕಾಗಿಯೇ.

ಮೊದಲು ಟಿಎಸ್‌ಎಚ್, ಅಂದರೆ ಥೈರಾಯ್ಡ್ ಗ್ರಂಥಿಗೆ ಕೆಲಸ ಮಾಡೆಂದು ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ಕಳುಹಿಸುವ ಹಾರ್ಮೋನು. ಥೈರಾಯ್ಡ್ ಅತಿಯಾಗಿ ಕೆಲಸ ಮಾಡಿದರೆ ಇದು ಇಳಿಯುತ್ತದೆ. ಅದು ಕಡಿಮೆ ಬಂದರೆ ಅದೇ ರಕ್ತದಲ್ಲಿ ಥೈರಾಯ್ಡ್ ಹಾರ್ಮೋನುಗಳಾದ ಫ್ರೀ ಟಿ4 ಮತ್ತು ಟಿ3 ಎರಡನ್ನೂ ನೋಡುತ್ತೇವೆ. ಕೆಲವರಲ್ಲಿ ಟಿ3 ಒಂದೇ ಏರಿರುತ್ತದೆ. ಟಿ4 ಮಾತ್ರ ನೋಡಿದರೆ ಅವರು ತಪ್ಪಿಹೋಗುತ್ತಾರೆ. ಟಿಎಸ್‌ಎಚ್ (ಲೀಟರಿಗೆ ಮಿಲಿಯೂನಿಟ್ ಲೆಕ್ಕದಲ್ಲಿ) 0.1ರಿಂದ 0.4ರ ನಡುವೆ ಇರುವವರನ್ನೂ 0.1ಕ್ಕಿಂತ ಕೆಳಗಿರುವವರನ್ನೂ ಒಂದೇ ಗುಂಪಿಗೆ ಸೇರಿಸಬಾರದೆಂದು ನಾನು ಪಟ್ಟು ಹಿಡಿದೆ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಅಧ್ಯಯನದ 1994ರ ವರದಿಯಲ್ಲಿ, ಅರವತ್ತು ದಾಟಿ ಟಿಎಸ್‌ಎಚ್ 0.1 ಅಥವಾ ಅದಕ್ಕಿಂತ ಕಡಿಮೆ ಇದ್ದವರಿಗೆ ಹತ್ತು ವರ್ಷಗಳಲ್ಲಿ ಹೃದಯದ ಬಡಿತ ತಾಳ ತಪ್ಪುವ ಅಪಾಯ ಸುಮಾರು ಮೂರು ಪಟ್ಟು ಇತ್ತು.

ನನ್ನ ಅನುಭವದಲ್ಲಿ ಯಂತ್ರಕ್ಕಿಂತ ಹೆಚ್ಚು ಕಲಿಸಿದ್ದು ಮಾತ್ರೆಯ ಚೀಲ. "ಏನೇನು ಔಷಧಿ ತೆಗೆದುಕೊಳ್ಳುತ್ತೀರಿ?" ಎಂದು ಕೇಳಿದರೆ ಬಿಪಿ, ಸಕ್ಕರೆ ಎಂದಷ್ಟೇ ಉತ್ತರ ಬರುತ್ತದೆ. ಆದ್ದರಿಂದ ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಮುಂದೆ ಸುರಿಯಲು ಹೇಳುತ್ತೇವೆ. ಟಿಎಸ್‌ಎಚ್ ತೀರಾ ಕಡಿಮೆ ಬಂದಿದ್ದ ಅಜ್ಜಿಯೊಬ್ಬರ ಮನೆಗೆ ಮತ್ತೆ ಹೋಗಿ ಚೀಲ ಬಿಚ್ಚಿಸಿದೆ. ತಳದಲ್ಲಿ ಅರ್ಧ ಖಾಲಿಯಾದ ಒಂದು ಪಟ್ಟಿ ಸಿಕ್ಕಿತು. "ಅದು ಔಷಧಿಯಲ್ಲಪ್ಪ, ಕೂದಲು ಉದುರುತ್ತದೆ ಎಂದು ಮಗಳು ತಂದುಕೊಟ್ಟದ್ದು" ಎಂದರು. ಹೆಚ್ಚಿನ ಪ್ರಮಾಣದ ಬಯೋಟಿನ್ ಎಂಬ ಬಿ ವಿಟಮಿನ್! ಬಯೋಟಿನ್ ಬಳಸಿ ತಯಾರಿಸಿದ ರಕ್ತಪರೀಕ್ಷೆಯ ಕಿಟ್‌ಗಳಲ್ಲಿ ಇದು ಟಿಎಸ್‌ಎಚ್ ಅನ್ನು ಸುಳ್ಳಾಗಿ ಇಳಿಸಿ, ಫ್ರೀ ಟಿ4 ಅನ್ನು ಸುಳ್ಳಾಗಿ ಏರಿಸುತ್ತದೆ. ಗ್ರಂಥಿ ಚೆನ್ನಾಗಿಯೇ ಇದ್ದರೂ ಕಾಗದದ ಮೇಲೆ ಕಾಯಿಲೆ ಸಿದ್ಧ. ಕೆಲವು ದಿನ ಅದನ್ನು ನಿಲ್ಲಿಸಿ ಮತ್ತೆ ರಕ್ತ ತೆಗೆದಾಗ ಎಲ್ಲವೂ ಸರಿಯಿತ್ತು.

ಅದೇ ಚೀಲಗಳಲ್ಲಿ ಥೈರಾಕ್ಸಿನ್, ಅಂದರೆ ಥೈರಾಯ್ಡ್ ಹಾರ್ಮೋನಿನ ಮಾತ್ರೆಯೂ ಸಿಗುತ್ತದೆ. ವರ್ಷಗಳ ಹಿಂದೆ ಬರೆದುಕೊಟ್ಟ ಪ್ರಮಾಣವನ್ನೇ ಮರುಪರೀಕ್ಷೆಯಿಲ್ಲದೆ ನುಂಗುತ್ತಾ ಬಂದಿರುತ್ತಾರೆ. ಇಳಿವಯಸ್ಸಿನಲ್ಲಿ ಟಿಎಸ್‌ಎಚ್ ತಗ್ಗಲು ಇದು ಬಹಳ ಸಾಮಾನ್ಯ ಕಾರಣ. ಇವರನ್ನು ಗ್ರಂಥಿಯೇ ಕೆರಳಿದವರ ಲೆಕ್ಕದಲ್ಲಿ ಸೇರಿಸುವುದಿಲ್ಲ. ಹೃದಯಕ್ಕೆ ಕೊಡುವ ಅಮಿಯೊಡರೋನ್‌ಗೂ ಬೇರೆ ಅಂಕಣವಿದೆ. ಅದರ ತೂಕದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಅಯೋಡಿನ್, ಅದು ಥೈರಾಯ್ಡ್ ಕೆಲಸವನ್ನು ಏರುಪೇರು ಮಾಡಬಲ್ಲದು.

ವರ್ಷಗಳ ನಡುವಿನ ಹೋಲಿಕೆ ಇನ್ನೊಂದು ತಲೆನೋವು. ಅಮೆರಿಕದ ಕಾರ್ಡಿಯೋವ್ಯಾಸ್ಕ್ಯುಲರ್ ಹೆಲ್ತ್ ಸ್ಟಡಿಯಲ್ಲಿ ಹಿರಿಯರ ಟಿಎಸ್‌ಎಚ್ 13 ವರ್ಷಗಳಲ್ಲಿ ಸರಾಸರಿ 13 ಶೇಕಡಾ ಮಾತ್ರ ಏರಿತ್ತು. ಕಿಟ್ ಬದಲಾದರೆ ಅಷ್ಟು ವ್ಯತ್ಯಾಸ ತಾನಾಗಿಯೇ ಬರಬಹುದು. ಹೀಗಾಗಿ ಪ್ರತಿ ಸುತ್ತಿನ ಸೀರಮ್ಮನ್ನು (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವ) ಮೈನಸ್ 80 ಡಿಗ್ರಿಯಲ್ಲಿ ಇಟ್ಟು, ಒಬ್ಬರ ಹಳೆಯ ಮತ್ತು ಹೊಸ ಮಾದರಿಗಳನ್ನು ಒಂದೇ ದಿನ, ಒಂದೇ ಕಿಟ್‌ನಲ್ಲಿ ಅಳೆಯುತ್ತೇವೆ. ರಕ್ತ ತೆಗೆಯುವುದು ಬೆಳಿಗ್ಗೆಯೇ, ಏಕೆಂದರೆ ಟಿಎಸ್‌ಎಚ್ ದಿನದುದ್ದಕ್ಕೂ ಏರಿಳಿಯುತ್ತದೆ.

ಕಡಿಮೆ ಬಂದ ಟಿಎಸ್‌ಎಚ್ ಅನ್ನು ಕೆಲವು ವಾರ ಬಿಟ್ಟು ಮತ್ತೊಮ್ಮೆ ನೋಡದೆ ಯಾರ ಹೆಸರಿನ ಮುಂದೆಯೂ ಕಾಯಿಲೆ ಎಂದು ಬರೆಯುವುದಿಲ್ಲ. ಜ್ವರವೋ ಸ್ಟೀರಾಯ್ಡೋ ಕಾರಣವಾಗಿದ್ದರೆ ಅದು ಅಷ್ಟರಲ್ಲಿ ಮೇಲೆ ಬಂದಿರುತ್ತದೆ. ಎರಡನೇ ಸಲವೂ 0.1ಕ್ಕಿಂತ ಕೆಳಗಿದ್ದರೆ ಇಸಿಜಿ ತೆಗೆದು, ಮನೆಯವರಿಗೆ ತಿಳಿಸಿ, ವೈದ್ಯರ ಬಳಿಗೆ ಕಳುಹಿಸುತ್ತೇವೆ. ಚಿಕಿತ್ಸೆ ಶುರುವಾದರೆ ಕಾಯಿಲೆಯ ಸಹಜ ಗತಿ ತಿಳಿಯುವುದಿಲ್ಲ ಎಂಬ ಆಕ್ಷೇಪ ತಂಡದಲ್ಲೇ ಕೇಳಿಬಂದಿತ್ತು. ನಾನು ಒಪ್ಪಲಿಲ್ಲ. ಚಿಕಿತ್ಸೆ ಆರಂಭಿಸಿದ ದಿನಾಂಕವನ್ನು ಬರೆದುಕೊಂಡು, ಅಲ್ಲಿಂದ ಮುಂದಿನ ಅಂಕಿಗಳನ್ನು ಬೇರೆಯಾಗಿ ವಿಶ್ಲೇಷಿಸುತ್ತೇವೆ.